ತಂದೆತಾಯಿಗಳ ತಕ್ಕಡಿಯಲ್ಲಿ ಎರಡು ಶಾಲೆಗಳು

ಮಗುವಿಗೆ ಮೂರು ತುಂಬಿ ನಾಲ್ಕರಲ್ಲಿ ಬಿದ್ದಿತೆಂದರೆ ಹೊರನಾಡಿನ ನಮ್ಮ ಕನ್ನಡ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ತಲೆಯೆತ್ತುತ್ತದೆ. ಹತ್ತಿರದ ಓಣಿಯಲ್ಲಿಯೇ ನಗರಪಾಲಿಕೆಯ ಶಾಲೆಯುಂಟು. ಫೀ ಇಲ್ಲ, ಪುಸ್ತಕ ಪುಕ್ಕಟೆ, ಮಧ್ಯಾಹ್ನಕ್ಕೆ ಊಟವೂ ಉಂಟು. ಮುಂಬಯಿಯಂಥ ಊರಾದರೆ ಅದೃಷ್ಟವಿದ್ದಲ್ಲಿ ಕನ್ನಡದ ವರ್ಗಗಳೂ ಇದ್ದಾವು. ಇನ್ನೊಂದು ಕಡೆ, ಬಸ್ಸಿನಲ್ಲಿ ಒಂದು ತಾಸಿನ ದಾರಿಯಾಚೆ, ಹೊಸ ಮಾದರಿಯ ಖಾಸಗಿ ಶಾಲೆ. ಅಲ್ಲಿ ಗದರಿಸುವವರಿಲ್ಲ, ಎಳೆಯ ಮಕ್ಕಳಿಗೆ ಪರೀಕ್ಷೆಯಿಲ್ಲ. ಮಕ್ಕಳು ಮಣ್ಣು ಕಲಸುತ್ತಾರೆ, ಗಿಡ ನೆಡುತ್ತಾರೆ, ತಮಗೆ ಬೇಕಾದಾಗ ಬೇಕಾದ ಪಾಠಕ್ಕೆ ಕುಳಿತುಕೊಳ್ಳುತ್ತಾರೆ. ಫೀ ಮಾತ್ರ ಮನೆಯ ಯಜಮಾನನ ಎದೆ ಧಸಕ್ಕೆನ್ನುವಷ್ಟು. “ನಾವೆಲ್ಲ ಸರಕಾರಿ ಸಾಲಿಯೊಳಗ ಕಲಿತವರಲ್ಲೇನು?” ಎಂದು ಅಜ್ಜ ಕೇಳುತ್ತಾರೆ. “ಆ ಕಾಲ ಬ್ಯಾರೆ ಮಾವನವರ” ಎಂದು ಸೊಸೆ ಮೆಲ್ಲಗೆ ಹೇಳುತ್ತಾಳೆ.

ಈ ಚರ್ಚೆ ನಿನ್ನೆ ಮೊನ್ನೆ ಹುಟ್ಟಿದ್ದೆಂದು ತಿಳಿಯುವವರೇ ಹೆಚ್ಚು. ಆದರೆ ಇದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅಷ್ಟೇ ಅಲ್ಲ, ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟ ಸರಕುಗಳು ತಲೆಮಾರಿಗೊಮ್ಮೆ ಅದಲುಬದಲಾಗುತ್ತ ಬಂದಿವೆ. ಆ ಕಥೆಯನ್ನು ಈ ಸಂಚಿಕೆಯ ಓದುಗರೆದುರು ಇಡಬೇಕೆಂದು ನಮ್ಮ ಬಯಕೆ.

ಮೊದಲ ಅದಲುಬದಲನ್ನು ನಮ್ಮ ನಾಡಿನಲ್ಲಿಯೇ ನೋಡಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಹಳ್ಳಿಯ ಶಾಲೆಯೆಂದರೆ ಕೂಲಿಮಠ. ಅಯ್ಯಗಳು ಗುಡಿಯ ಪಡಸಾಲೆಯಲ್ಲೋ ಯಾರದೋ ಮನೆಯ ಜಗಲಿಯ ಮೇಲೋ ಹುಡುಗರನ್ನು ಕೂಡಿಸಿಕೊಂಡು ಮರಳ ಮೇಲೆ ಅಕ್ಷರ ತಿದ್ದಿಸುವರು, ಮಗ್ಗಿ ಬಾಯಿಪಾಠ ಮಾಡಿಸುವರು. ತಪ್ಪಿದವನಿಗೆ ಕೋದಂಡ: ಎರಡೂ ಕೈಗಳಿಂದ ಹಗ್ಗ ಹಿಡಿದು ಜೋತುಬೀಳುವ ಶಿಕ್ಷೆ. ತಂದೆತಾಯಿಗಳು ಕಾಳುಕಡಿ, ದಕ್ಷಿಣೆ ಕೊಟ್ಟು ಅಯ್ಯಗಳನ್ನು ಸಾಕುತ್ತಿದ್ದರು. ಇದು ಅಚ್ಚ ಖಾಸಗಿ ಶಾಲೆ, ಅಚ್ಚ ಹಳೆಯ ಪದ್ಧತಿ. ೧೮೫೪ರ ವುಡ್ ಅವರ ಆಜ್ಞಾಪತ್ರದ ತರುವಾಯ ಇಲಾಖೆಗಳು ಏರ್ಪಟ್ಟು, ಅಚ್ಚಾದ ಪುಸ್ತಕ, ಕರಿಹಲಗೆ, ಭೂಗೋಳದ ನಕಾಶೆ, ತರಬೇತಾದ ಮಾಸ್ತರರು, ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರರು, ಇಷ್ಟೆಲ್ಲವನ್ನೂ ಕಟ್ಟಿಕೊಂಡು ಹಳ್ಳಿಗೆ ಬಂದದ್ದು ಸರಕಾರಿ ಶಾಲೆ. ಆ ಕಾಲಕ್ಕೆ ‘ಹೊಸ ಶಾಲೆ’ ಎಂದರೆ ಇದೇ. ಅಲ್ಲಿ ಎಲ್ಲ ಜಾತಿಯವರೂ ಕೂಡಿಬಿಡುವರೋ, ಧರ್ಮ ಕೆಟ್ಟೀತೋ, ಮಗ ಹೊಲದ ಕೆಲಸಕ್ಕೆ ಬಾರದೆ ಹೋದಾನೋ ಎಂದು ಅಳುಕಿದ ಪಾಲಕರಿಗೆ ಲೆಕ್ಕವಿಲ್ಲ.

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಇನ್ನೊಂದು ತೊಡಕೂ ಇತ್ತು. ಶಾಲೆ ಬಂದರೂ ಅದು ಬಹುಮಟ್ಟಿಗೆ ಮರಾಠಿ ಶಾಲೆಯಾಗಿ ಬಂತು. ಕಚೇರಿಯ ನೌಕರಿಗೆ ಮರಾಠಿಯೇ ದಾರಿಯೆಂದು ಕನ್ನಡದ ತಂದೆತಾಯಿಗಳು ತಾವಾಗಿಯೇ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಇಂಥ ದಿನಗಳಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡವನ್ನು ಕೇಂದ್ರ ಮಾಡಿಕೊಂಡು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು, ಕನ್ನಡ ಮಾಸ್ತರರನ್ನು ತಯಾರಿಸಿದರು. ಅವರು ಇಲಾಖೆಯ ನೌಕರರು. ಅವರು ಕಟ್ಟಿದ್ದು ಸರಕಾರಿ ಶಾಲೆ. ಉತ್ತರ ಕರ್ನಾಟಕದಲ್ಲಿ ಕನ್ನಡ ಉಳಿದದ್ದಕ್ಕೆ ಆ ಶಾಲೆಗಳು ಎಷ್ಟು ಕಾರಣವೆಂಬುದನ್ನು ರಾಜ್ಯೋತ್ಸವದ ದಿನ ನೆನೆಯದಿದ್ದರೆ ಮತ್ತಾವಾಗ ನೆನೆದೇವು?

ಎಲ್ಲರ ಮಕ್ಕಳಿಗೂ ಶಾಲೆ ಎಂಬ ಮಾತು ಸುಲಭವಾಗಿ ನಡೆದು ಬಂದದ್ದಲ್ಲ. ೧೮೮೨ರಲ್ಲಿ ಹಂಟರ್ ಆಯೋಗದ ಮುಂದೆ ಮಹಾತ್ಮ ಜ್ಯೋತಿಬಾ ಫುಲೆಯವರು, ರೈತರು ತೆತ್ತ ಕಂದಾಯದ ಹಣ ಮೇಲುವರ್ಗದವರ ಉಚ್ಚ ಶಿಕ್ಷಣಕ್ಕೆ ಹೋಗುತ್ತಿದೆ, ರೈತರ ಮಕ್ಕಳ ಪ್ರಾಥಮಿಕ ಶಾಲೆಗೆ ಬರುತ್ತಿಲ್ಲ ಎಂದು ವಾದಿಸಿದರು. ಬಡೋದೆಯ ಸಯಾಜಿರಾವ್ ಮಹಾರಾಜರು ೧೮೯೩ರಲ್ಲಿ ಅಮರೇಲಿಯಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗಿಸಿ ನೋಡಿ ೧೯೦೬ರಲ್ಲಿ ಇಡೀ ಸಂಸ್ಥಾನಕ್ಕೆ ಅನ್ವಯಿಸಿದರು. ಅದೇ ಮಾದರಿಯನ್ನು ಇಡೀ ದೇಶಕ್ಕೆ ತರಲು ಗೋಪಾಲಕೃಷ್ಣ ಗೋಖಲೆಯವರು ೧೯೧೧ರಲ್ಲಿ ಮಂಡಿಸಿದ ಮಸೂದೆಯನ್ನು ಮರುವರ್ಷ ೩೮ಕ್ಕೆ ೧೩ ಮತಗಳಿಂದ ಕೆಡವಿದರು. ಕೆಡವಿದವರಲ್ಲಿ ಬರಿಯ ಇಂಗ್ಲಿಷರಲ್ಲ, ನಮ್ಮ ದೊಡ್ಡ ಜಮೀನುದಾರರೂ ಇದ್ದರು. ಮುಂಬಯಿ ನಗರದಲ್ಲಿ ೧೯೨೫ರಲ್ಲಿ ಎಫ್ ಮತ್ತು ಜಿ ವಾರ್ಡುಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಜಾರಿಗೆ ಬಂತು. ಪರಳ, ಮಾಟುಂಗ, ದಾದರ, ವರಳಿ, ಅಂದರೆ ಗಿರಣಿಗಳೂ ಚಾಳುಗಳೂ ತುಂಬಿದ ಭಾಗ. ನಮ್ಮವರ ಎಷ್ಟೋ ಸಂಸಾರಗಳು ಮೊದಲು ಬಿಡಾರ ಹೂಡಿದ್ದು ಅಲ್ಲಿಯೇ.

ಎಲ್ಲರಿಗೂ ಶಾಲೆ ಬರುತ್ತಿದ್ದ ಕಾಲದಲ್ಲಿಯೇ ಇನ್ನು ಕೆಲವರು ಬೇರೊಂದು ಪ್ರಶ್ನೆ ಕೇಳತೊಡಗಿದರು: ಬಂದ ಶಾಲೆ ಎಂಥದು? ಗಮನಿಸಬೇಕಾದ ಸಂಗತಿಯೇನೆಂದರೆ, ಆ ಪ್ರಶ್ನೆ ಕೇಳಿದವರಲ್ಲಿ ಹಲವರು ಮೊದಲು ತಂದೆತಾಯಿಗಳು, ಆಮೇಲೆ ಶಿಕ್ಷಣತಜ್ಞರು.

ಸೌರಾಷ್ಟ್ರದ ಗಿರಿಜಾಶಂಕರ ಬಧೇಕಾ ಎಂಬವರನ್ನು ತೆಗೆದುಕೊಳ್ಳಿ. ಗಿಜುಭಾಯಿ ಎಂದೇ ಪ್ರಸಿದ್ಧರು, ಹುಟ್ಟಿದ್ದು ೧೮೮೫ರಲ್ಲಿ. ಹೊಟ್ಟೆಪಾಡಿಗೆಂದು ಪೂರ್ವ ಆಫ್ರಿಕೆಗೆ ಹೋಗಿಬಂದರು, ವಕೀಲರಾದರು. ೧೯೧೩ರಲ್ಲಿ ಗಂಡುಮಗು ಹುಟ್ಟಿದಾಗ, ತಾವು ಬೆತ್ತದ ಭಯದಲ್ಲಿ ಕಲಿತಂತೆ ಈ ಕೂಸೂ ಕಲಿಯಬೇಕೇ ಎಂಬ ಯೋಚನೆ ಹತ್ತಿತು. ಇಟಲಿಯ ಡಾಕ್ಟರ್ ಮರಿಯಾ ಮಾಂಟೆಸೊರಿಯವರ ಬರಹಗಳು ಕೈಗೆ ಬಂದವು. ಆ ತಾಯಿ ೧೯೦೭ರಲ್ಲಿ ರೋಮ್ ನಗರದ ಸಾನ್ ಲೊರೆನ್ಜೊ ಎಂಬ ಬಡವರ ಕೇರಿಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ ಮೊದಲ ಮಕ್ಕಳ ಮನೆ ತೆರೆದಿದ್ದರು. ಇಂದು ಮಾಂಟೆಸೊರಿ ಎಂಬ ಹೆಸರನ್ನು ಉಳ್ಳವರ ಬಡಾವಣೆಗಳ ಫಲಕಗಳಲ್ಲಿ ಕಾಣುವ ನಮಗೆ ಇದು ಸ್ವಲ್ಪ ಸೋಜಿಗವೇ! ಗಿಜುಭಾಯಿ ೧೯೧೬ರಲ್ಲಿ ವಕೀಲಿಯನ್ನು ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ೧೯೨೦ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಕಥೆ, ಹಾಡು, ನಾಟಕ, ನೀರು ಮಣ್ಣಿನ ಆಟ, ತೋಟದ ಕೆಲಸ; ಶಿಕ್ಷೆಯೂ ಇಲ್ಲ, ಬಹುಮಾನವೂ ಇಲ್ಲ. ಮಕ್ಕಳು ಅವರನ್ನು ಎಷ್ಟು ಹಚ್ಚಿಕೊಂಡರೆಂದರೆ ‘ಮೀಸೆಯ ತಾಯಿ’ ಎಂಬ ಹೆಸರೇ ಅವರಿಗೆ ಬಂತು.

ಹೀಗೆ ಖಾಸಗಿ ಬಾಲಮಂದಿರದಿಂದ ಹೆಸರಾದ ಈ ಮನುಷ್ಯ ೧೯೩೦ರ ದಶಕದ ಆರಂಭದಲ್ಲಿ ‘ದಿವಾಸ್ವಪ್ನ’ ಎಂಬ ಪುಸ್ತಕ ಬರೆದಾಗ ಕಥೆಯನ್ನು ತಮ್ಮ ಬಾಲಮಂದಿರದಲ್ಲಿ ಇಡಲಿಲ್ಲ. ಸಾಮಾನ್ಯ ಪ್ರಾಥಮಿಕ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ಇಟ್ಟರು. ಅಧಿಕಾರಿಯಿಂದ ಒಂದು ವರ್ಷದ ಅಪ್ಪಣೆ ಪಡೆದ ಮಾಸ್ತರನೊಬ್ಬ ಅದೇ ಕಟ್ಟಡದಲ್ಲಿ, ಅದೇ ಗದ್ದಲದ ಹುಡುಗರೊಂದಿಗೆ, ಕಥೆ ಹೇಳುವುದರಿಂದ ಪಾಠ ಶುರುಮಾಡುತ್ತಾನೆ. ಜೊತೆಯ ಮಾಸ್ತರರು ನಗುತ್ತಾರೆ. ಪುಸ್ತಕಕ್ಕೆ ಹಗಲುಗನಸೆಂದು ಹೆಸರಿಟ್ಟರೂ ಗಿಜುಭಾಯಿಯವರ ಲೆಕ್ಕ ನೆಲದ ಮೇಲಿನದೇ ಆಗಿತ್ತೆಂದು ನಮಗೆ ತೋರುತ್ತದೆ. ಹೊಸ ಪದ್ಧತಿಗೆ ದುಬಾರಿ ಕಟ್ಟಡ ಬೇಕಿಲ್ಲ. ಮಾಸ್ತರ ಬೇಕು, ಅವನನ್ನು ಒಂದು ವರ್ಷ ಕಾಡದೆ ಬಿಡುವ ಅಧಿಕಾರಿ ಬೇಕು.

ಗಿಜುಭಾಯಿಯವರ ಜೊತೆಗೆ ದುಡಿದ ತಾರಾಬಾಯಿ ಮೋಡಕರ ಬದುಕು ಮುಂಬಯಿಯವರಿಗೆ ಇನ್ನೂ ಹತ್ತಿರದ್ದು. ಮುಂಬಯಿಯಲ್ಲಿ ೧೮೯೨ರಲ್ಲಿ ಹುಟ್ಟಿದ ಈ ಪದವೀಧರೆ ರಾಜಕೋಟೆಯ ಅಧ್ಯಾಪಿಕೆಯರ ತರಬೇತಿ ಕಾಲೇಜಿನ ಪ್ರಾಚಾರ್ಯ ಹುದ್ದೆಯನ್ನು ಬಿಟ್ಟು ೧೯೨೩ರಲ್ಲಿ ಭಾವನಗರಕ್ಕೆ ಹೋದರು. ೧೯೨೬ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ಮುಂಬಯಿಗೆ ಮರಳಿ ೧೯೩೬ರಲ್ಲಿ ದಾದರದಲ್ಲಿ ಶಿಶುವಿಹಾರ ತೆರೆದರು. ದಾದರದ ಮಧ್ಯಮವರ್ಗದ ಮನೆಗಳಿಗೆ ಅದು ಬಲು ಮೆಚ್ಚುಗೆಯಾಯಿತು. ಮೆಚ್ಚುಗೆಯನ್ನು ಅನುಭವಿಸುತ್ತ ಅಲ್ಲಿಯೇ ಇದ್ದುಬಿಟ್ಟಿದ್ದರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ಆದರೆ ೧೯೪೫ರಲ್ಲಿ ಅವರು ಠಾಣೆ ಜಿಲ್ಲೆಯ ಸಮುದ್ರದಂಡೆಯ ಬೋರ್ಡಿ ಎಂಬ ಹಳ್ಳಿಗೆ ಹೊರಟರು. ಜೊತೆಗೆ ಅನುತಾಯಿ ವಾಘ. ಬಾಲವಾಡಿ ತೆರೆದರು. ಬಡವರ ಮಕ್ಕಳು ಬರಲಿಲ್ಲ. ಏಕೆ ಬಂದಾರು? ಬೆಳಗ್ಗೆ ತಮ್ಮ ತಂಗಿಯರನ್ನು ಎತ್ತಿಕೊಳ್ಳಬೇಕು, ದನ ಹೊಡೆಯಬೇಕು, ಕಟ್ಟಿಗೆ ಆಯಬೇಕು. ಆಗ ಈ ಇಬ್ಬರು ಹೆಂಗಸರು ಬಾಲವಾಡಿಯನ್ನೇ ಎತ್ತಿಕೊಂಡು ಕೇರಿಯ ಅಂಗಳಕ್ಕೆ ಹೋದರು. ಮಕ್ಕಳ ಮೈ ತೊಳೆದರು, ತಲೆ ಬಾಚಿದರು. ಕಲ್ಲುಹರಳು, ಬೀಜ, ಎಲೆ, ಕಡ್ಡಿಗಳೇ ಪಾಠದ ಸಾಮಾನುಗಳಾದವು. ೧೯೫೭ರಿಂದ ಕೋಸಬಾಡದ ಗುಡ್ಡದ ಮೇಲೆ ವಾರಲಿ ಮಕ್ಕಳ ನಡುವೆ ಇದೇ ಕೆಲಸ ಬೆಳೆಯಿತು; ದನ ಮೇಯಿಸುವ ಹುಡುಗರಿಗೆ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಯಿತು.

ಅಂಗಳದಲ್ಲಿ ನಡೆದದ್ದು ಅಂಗಣವಾಡಿ. ೧೯೭೫ರ ಅಕ್ಟೋಬರ್ ೨ರಂದು ಭಾರತ ಸರಕಾರ ೩೩ ಕಡೆ ಆರಂಭಿಸಿದ ಶಿಶು ಅಭಿವೃದ್ಧಿ ಯೋಜನೆಯ ಮೂಲಕ ಆ ಮಾತು ದೇಶಕ್ಕೆಲ್ಲ ಹರಡಿತು. ನಮ್ಮ ಊರುಗಳಲ್ಲಿ ಈಗ ಅಂಗನವಾಡಿ ಇಲ್ಲದ ಹಳ್ಳಿ ಅಪರೂಪ. ದಾದರದ ಅನುಕೂಲಸ್ಥ ತಂದೆತಾಯಿಗಳು ಫೀ ತೆತ್ತು ಬೆಳೆಸಿದ ಒಂದು ವಿಚಾರ, ಎರಡು ಹೆಂಗಸರ ಹಟದಿಂದ, ಬಿಜಾಪುರದ ಬಡ ಕೂಲಿಗಾರಳ ಮಗುವಿನ ತನಕ ನಡೆದುಬಂತು. ಖಾಸಗಿ ಶಾಲೆಯಿಂದ ಸಮಾಜಕ್ಕೇನು ಲಾಭ ಎಂದು ಕೇಳುವವರು ಈ ದಾರಿಯನ್ನು ಒಮ್ಮೆ ನೋಡಬೇಕು. ಆ ವಿಚಾರ ತಾನಾಗಿ ನಡೆದು ಬರಲಿಲ್ಲ ಎಂಬುದನ್ನೂ ನೋಡಬೇಕು.

ಹೊಸ ಶಾಲೆಗಳ ತೊಂದರೆಗಳೂ ಕಡಿಮೆಯವಲ್ಲ. ರವೀಂದ್ರನಾಥ ಠಾಕೂರರು ೧೯೦೧ರ ಡಿಸೆಂಬರಿನಲ್ಲಿ ಶಾಂತಿನಿಕೇತನದ ಶಾಲೆಯನ್ನು ಐವರು ಹುಡುಗರೊಡನೆ ತೆರೆದಾಗ ಒಬ್ಬ ಅವರದೇ ಮಗ ರಥೀಂದ್ರ. ಅವರೂ ತಂದೆಯಾಗಿಯೇ ಈ ಕೆಲಸಕ್ಕೆ ಇಳಿದವರು. ಮರದಡಿಯ ಪಾಠಕ್ಕೆ ದೇಶವೆಲ್ಲ ತಲೆದೂಗಿತು; ಆದರೆ ಮಕ್ಕಳನ್ನು ಕಳಿಸಿದ ಪಾಲಕರು ಮೆಟ್ರಿಕ್ ಪರೀಕ್ಷೆಯನ್ನು ಮರೆಯಲಿಲ್ಲ. ಕವಿಯ ಶಾಲೆಯೂ ಕಲಕತ್ತೆಯ ವಿಶ್ವವಿದ್ಯಾಲಯಕ್ಕೆ ಹುಡುಗರನ್ನು ಸಿದ್ಧಪಡಿಸಬೇಕಾಯಿತು. ಅದರ ಬೇಸರವೇ ಇರಬೇಕು, ೧೯೨೪ರಲ್ಲಿ ಅವರು ಹಳ್ಳಿಯ ಬಡಮಕ್ಕಳಿಗೆಂದು ಶಿಕ್ಷಾಸತ್ರ ಎಂಬ ಇನ್ನೊಂದು ಶಾಲೆ ತೆರೆದರು. ಪರೀಕ್ಷೆಯ ಹಂಗು ಅದಕ್ಕಿರಲಿಲ್ಲ. ಪಾಲಕರನ್ನು ನಾವು ಇಲ್ಲಿ ಬಯ್ಯಲಾರೆವು. ಮಗ ಹಾಡುತ್ತಾನೆ, ಚಿತ್ರ ಬರೆಯುತ್ತಾನೆ, ಸಂತೋಷವಾಗಿದ್ದಾನೆ, ಎಲ್ಲ ಸರಿ. ಇಪ್ಪತ್ತನೆಯ ವಯಸ್ಸಿಗೆ ಅನ್ನಕ್ಕೇನು ಎಂಬ ಪ್ರಶ್ನೆ ಸಂಬಳದ ಮೇಲೆ ಬದುಕುವ ಮನೆಯಲ್ಲಿ ಏಳಲೇಬೇಕು. ನಮ್ಮಂಥ ವಲಸೆಯ ಜನಕ್ಕಂತೂ ಹಿಂದೆ ಹೊಲವಿಲ್ಲ, ಇಲ್ಲಿ ಮನೆಯಿಲ್ಲ, ಸರ್ಟಿಫಿಕೇಟೇ ಆಸ್ತಿ.

ಕೈಗೆಲಸದ ಮೂಲಕ ಕಲಿಸಬೇಕೆಂಬ ತತ್ತ್ವದ ಗತಿ ಇನ್ನೂ ವಿಚಿತ್ರ. ೧೯೩೭ರ ಅಕ್ಟೋಬರಿನಲ್ಲಿ ಗಾಂಧೀಜಿಯವರು ವರ್ಧೆಯಲ್ಲಿ ಕರೆದ ಸಮ್ಮೇಳನದಿಂದ ನಯೀ ತಾಲೀಮು ಹೊರಟಿತು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ಕಟ್ಟಿಕೊಟ್ಟಿತು. ಏಳು ವರ್ಷ ಮಾತೃಭಾಷೆಯಲ್ಲಿ, ನೂಲುವುದು ನೇಯುವುದು ಬೇಸಾಯ ಇವುಗಳ ಸುತ್ತ ಹೆಣೆದ ಶಿಕ್ಷಣ. ನಗರದ ವಿದ್ಯಾವಂತರು ಹೊಗಳಿದರು, ತಮ್ಮ ಮಕ್ಕಳನ್ನು ಮಾತ್ರ ಕಾನ್ವೆಂಟಿಗೆ ಕಳಿಸಿದರು. ೧೯೫೩ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಯ ಪಾಠವನ್ನು ದಿನಕ್ಕೆ ಮೂರು ತಾಸಿಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬನ್ನು ಕಲಿಯಲಿ ಎಂಬ ಯೋಜನೆ ತಂದಾಗ ಬಿರುಗಾಳಿಯೇ ಎದ್ದಿತು. ನಮ್ಮ ದಕ್ಷಿಣ ಕನ್ನಡವೂ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯಲೆಂಬ ಹೂಟವಿದು, ಕುಲಕಸುಬಿನ ಶಿಕ್ಷಣವಿದು ಎಂದು ಪೆರಿಯಾರರೂ ಅವರ ಕಡೆಯವರೂ ಬೀದಿಗಿಳಿದರು. ೧೯೫೪ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಕಾಮರಾಜರ ಸರಕಾರ ಯೋಜನೆಯನ್ನು ಹಿಂದೆಗೆದುಕೊಂಡಿತು. ಮಡಕೆ ಮಾಡಲು ಕಲಿಯುವುದು ಇಂದಿನ ದುಬಾರಿ ಶಾಲೆಯಲ್ಲಿ ಸೃಜನಶೀಲತೆ. ಕುಂಬಾರನ ಮಗನಿಗೆ ಅದೇ ಕೆಲಸವನ್ನು ಪುಸ್ತಕದ ಹೊತ್ತನ್ನು ಕಿತ್ತುಕೊಂಡು ಕೊಟ್ಟರೆ ಅವನ ತಂದೆ ಸಿಟ್ಟಾಗುವುದು ನ್ಯಾಯವೇ. ಬಡಪಾಲಕರು ಮಗ್ಗಿ, ಕಾಗುಣಿತ, ಪರೀಕ್ಷೆ ಬೇಕೆಂದು ಹಟ ಹಿಡಿದರೆ ಅದು ಅಜ್ಞಾನವೆಂದು ಮೂಗು ಮುರಿಯುವ ಸುಧಾರಕರಿಗೆ ಈ ಪ್ರಸಂಗವನ್ನು ನಾವು ನೆನಪು ಮಾಡಿಕೊಡುತ್ತೇವೆ.

ಹೊರನಾಡ ಕನ್ನಡಿಗರ ತಕ್ಕಡಿಗೆ ಮೂರನೆಯ ತೂಕವೂ ಒಂದುಂಟು. ಅದು ಭಾಷೆ. ಗಿಜುಭಾಯಿ ಕಲಿಸಿದ್ದು ಗುಜರಾತಿಯಲ್ಲಿ, ಠಾಕೂರರು ಬಂಗಾಳಿಯಲ್ಲಿ. ಕೋಸಬಾಡದ ಶಾಲೆ ನಡೆದದ್ದು ಅಲ್ಲಿಯವರ ಮಾತಿನಲ್ಲಿ. ಅಂದಿನ ಹೊಸ ಶಾಲೆಯ ಮೊದಲ ತತ್ತ್ವವೇ ತಾಯ್ನುಡಿ. ಇಂದು ಅದೇ ಹೆಸರು ಹೊತ್ತ ಶಾಲೆಗಳು ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನವು. ತಾಯ್ನುಡಿಯ ಶಾಲೆ ಬಹುತೇಕ ಉಳಿದದ್ದು ಸರಕಾರದ, ನಗರಪಾಲಿಕೆಯ ಆಶ್ರಯದಲ್ಲಿ. ತಟ್ಟೆಗಳು ಮತ್ತೊಮ್ಮೆ ಅದಲುಬದಲಾದದ್ದು ಹೀಗೆ.

ಊರಿನಿಂದ ಊರಿಗೆ ಈ ಲೆಕ್ಕ ಬೇರೆಯಾಗಿತ್ತು. ನಿಜಾಮರ ರಾಜ್ಯದಲ್ಲಿ ಸರಕಾರಿ ಶಾಲೆಯ ಮೇಲಿನ ತರಗತಿಗಳು ಉರ್ದುವಿನಲ್ಲಿ. ೧೯೧೮ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. ಅಲ್ಲಿನ ಕನ್ನಡಿಗನಿಗೆ ತನ್ನದೆನ್ನುವ ಶಾಲೆ ಬೇಕಾದರೆ ಖಾಸಗಿಯಾಗಿಯೇ ಕಟ್ಟಬೇಕಿತ್ತು. ಕಲಬುರ್ಗಿಯಲ್ಲಿ ೧೯೦೭ರ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಿಂದೂ ಮುಸಲ್ಮಾನ ಮಕ್ಕಳನ್ನು ಒಟ್ಟಿಗೆ ಕೂಡಿಸಿ ನಡೆಸಿದ ಹಮ್‌ದರ್ದ್ ಶಾಲೆ, ಇವು ಹಾಗೆ ಎದ್ದವು. ೧೯೨೪ರ ನಿಯಮ ಖಾಸಗಿ ಶಾಲೆಗೆ ಸರಕಾರದ ಅನುಮತಿ ಬೇಕೆಂದಾಗ ಸಣ್ಣ ಶಾಲೆಗಳು ಎಷ್ಟೋ ಮುಚ್ಚಿಹೋದವು. ದಕ್ಷಿಣ ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿ, ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಕನ್ನಡದ ಮಕ್ಕಳ ಕೈಗಿಟ್ಟರು.

ಮುಂಬಯಿಯಲ್ಲಿ ನಮ್ಮ ಹಿರಿಯರು ಹೊಸ ಪದ್ಧತಿಯ ಚರ್ಚೆಗೆ ಕುಳಿತವರಲ್ಲ. ಅವರ ಕಣ್ಣಿಗೆ ಬಿದ್ದದ್ದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗ. ಮೊಗವೀರ ಬಂಧುಗಳು ೧೯೦೮ರಲ್ಲಿಯೇ ರಾತ್ರಿಶಾಲೆ ತೆರೆದರು. ಆಮೇಲೆ ಇನ್ನೂ ಹಲವು ಕನ್ನಡ ರಾತ್ರಿಶಾಲೆಗಳು ಬಂದವು. ಹಗಲೆಲ್ಲ ದುಡಿದು, ರಾತ್ರಿ ತೂಕಡಿಸುತ್ತ ಓದಿ, ಮೆಟ್ರಿಕ್ ಮುಗಿಸಿ ಬ್ಯಾಂಕು ಕಚೇರಿಗಳನ್ನು ಸೇರಿದವರು, ತಾವೇ ಹೋಟೆಲಿನ ಧಣಿಗಳಾದವರು, ನಮ್ಮ ನಡುವೆ ಎಷ್ಟು ಮಂದಿ! ೧೯೩೯ರಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ ಸ್ಥಾಪನೆಯಾಗಿ ವಡಾಲದಲ್ಲಿ ಅದರ ಶಾಲೆ ಬೆಳೆಯಿತು. ನಗರಪಾಲಿಕೆಯೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಉದಾರತೆ ತೋರಿತು, ಕನ್ನಡ ಅವುಗಳಲ್ಲೊಂದು. ಇನ್ನೊಂದು ರಾಜ್ಯದ ರಾಜಧಾನಿಯ ನಗರಪಾಲಿಕೆ ತನ್ನ ತೆರಿಗೆಯ ಹಣದಿಂದ ಕನ್ನಡ ಮಾಸ್ತರರಿಗೆ ಸಂಬಳ ಕೊಡುತ್ತ ಬಂದಿದೆ ಎಂಬುದು ಸಣ್ಣ ಮಾತಲ್ಲ. ೧೯೮೨ರ ಗಿರಣಿ ಮುಷ್ಕರದ ತರುವಾಯ ಪರಳ ಲಾಲಬಾಗದ ಸಂಸಾರಗಳು ಚದುರಿದವು. ಉಳಿದವರಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರು. ಕನ್ನಡ ವರ್ಗಗಳ ಬೆಂಚುಗಳು ತೆರವಾಗುತ್ತ ಬಂದವು. ನಗರಪಾಲಿಕೆಯೇ ೨೦೨೦ರ ಬಳಿಕ ಕೇಂದ್ರ ಪಠ್ಯಕ್ರಮದ ಇಂಗ್ಲಿಷ್ ಶಾಲೆಗಳನ್ನು ತೆರೆದಾಗ ಪ್ರವೇಶಕ್ಕೆ ಚೀಟಿ ಎತ್ತಬೇಕಾಯಿತು. ಒಂದೊಂದು ಮನೆಯ ನಿರ್ಧಾರವೂ ಆ ಮನೆಯ ಮಟ್ಟಿಗೆ ಸರಿಯೇ. ಹತ್ತು ಮನೆಗಳ ಸರಿಯಾದ ನಿರ್ಧಾರಗಳು ಕೂಡಿದಾಗ ಹನ್ನೊಂದನೆಯ ಮನೆಯ ಮಗುವಿಗೆ ಹೋಗಲು ಕನ್ನಡ ವರ್ಗವಿರುವುದಿಲ್ಲ. ಆ ಹನ್ನೊಂದನೆಯ ಮನೆ ಸಾಮಾನ್ಯವಾಗಿ ಬಡವರದಾಗಿರುತ್ತದೆ.

ಇದನ್ನು ಮೊದಲೇ ಕಂಡವರಿದ್ದರು. ೧೯೬೪ರಿಂದ ೬೬ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಉಳ್ಳವರು ಒಂದು ಶಾಲೆಗೆ, ಇಲ್ಲದವರು ಇನ್ನೊಂದಕ್ಕೆ ಹೋಗುವ ಏರ್ಪಾಡಿನಿಂದ ಶಿಕ್ಷಣವೇ ಸಮಾಜವನ್ನು ಒಡೆಯುತ್ತಿದೆ ಎಂದು ಎಚ್ಚರಿಸಿ, ನೆರೆಹೊರೆಯ ಮಕ್ಕಳೆಲ್ಲ ಕೂಡಿ ಓದುವ ಸಮಾನ ಶಾಲೆಯನ್ನು ಸೂಚಿಸಿತು. ಆಯೋಗದ ಕಾರ್ಯದರ್ಶಿ ಜೆ. ಪಿ. ನಾಯಕರು ತಮ್ಮ ಎಳೆಯ ವಯಸ್ಸಿನಲ್ಲಿ ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಸೂಚನೆ ಕಾಗದದಲ್ಲಿ ಉಳಿಯಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಬೆತ್ತವನ್ನು ಎಲ್ಲ ಶಾಲೆಗಳಲ್ಲೂ ನಿಷೇಧಿಸಿತು, ಖಾಸಗಿ ಶಾಲೆಗಳ ಕಾಲುಭಾಗ ಸ್ಥಾನಗಳನ್ನು ದುರ್ಬಲ ವರ್ಗದವರಿಗೆ ತೆರೆಯಿತು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ, ಕರ್ನಾಟಕದ ೧೯೯೪ರ ಭಾಷಾ ಮಾಧ್ಯಮದ ಆದೇಶದ ಮೊಕದ್ದಮೆಯಲ್ಲಿ, ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದೆಂದು ತೀರ್ಪಿತ್ತಿತು. ತಕ್ಕಡಿ ಈಗ ಕಾನೂನಿನ ಪ್ರಕಾರವೂ ನಮ್ಮ ಕೈಯಲ್ಲಿಯೇ ಇದೆ.

ಅದನ್ನು ಹಿಡಿಯುವವರು ಒಂದು ಕೆಲಸ ಮಾಡಬಹುದು. ಖಾಸಗಿ ಶಾಲೆಯ ಬಣ್ಣದ ಪುಸ್ತಿಕೆಯನ್ನು ಮನೆಯಲ್ಲಿ ಬಿಟ್ಟು, ಎರಡೂ ಶಾಲೆಗಳಿಗೆ ಹೋಗಿ ಒಂದೊಂದು ಮುಂಜಾನೆ ಕುಳಿತುಬರಬಹುದು. ಮಕ್ಕಳು ಪ್ರಶ್ನೆ ಕೇಳುತ್ತಾರೆಯೇ, ಮಾಸ್ತರರು ಎಷ್ಟು ವರ್ಷದಿಂದ ಅಲ್ಲಿದ್ದಾರೆ, ಹಿಂದಿನ ಸಾಲಿನ ಹುಡುಗನ ಹೆಸರು ಅವರಿಗೆ ಗೊತ್ತೇ ಎಂದು ನೋಡಬಹುದು. ಬೆತ್ತವಿಲ್ಲದ ಶಾಲೆಯಲ್ಲಿ ಅಕ್ಕರೆಯೂ ಇಲ್ಲದಿರಬಹುದು; ಸೋರುವ ಮಾಡಿನ ಕೆಳಗೆ ಒಬ್ಬ ಗಿಜುಭಾಯಿ ಇರಲೂಬಹುದು. ದುಬಾರಿ ಶಾಲೆಯನ್ನು ಆರಿಸಿದವರೂ ಮನೆಯಲ್ಲಿ ಕನ್ನಡ ಅಕ್ಷರ ತಿದ್ದಿಸಲು ಫೀ ಕೊಡಬೇಕಾಗಿಲ್ಲ.

ಕೊನೆಗೆ ಒಂದು ಸಂಗತಿ ಹೇಳಿ ನಿಲ್ಲಿಸುತ್ತೇವೆ. ಮದನಪಲ್ಲಿಯ ಬಳಿ ಜೆ. ಕೃಷ್ಣಮೂರ್ತಿಯವರ ವಿಚಾರದಂತೆ ನಡೆಯುವ ರಿಷಿವ್ಯಾಲಿ ಶಾಲೆಯುಂಟು. ಅನುಕೂಲಸ್ಥರ ಮಕ್ಕಳು ಅಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಆ ಸಂಸ್ಥೆ ಸುತ್ತಲಿನ ಹಳ್ಳಿಗಳ ಮಕ್ಕಳಿಗೆಂದು ಪುಟ್ಟ ಶಾಲೆಗಳನ್ನು ತೆರೆದು, ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಾರ್ಡುಗಳ ಮೂಲಕ ಕಲಿಯುವ ಒಂದು ಕ್ರಮವನ್ನು ರೂಪಿಸಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಯ ಮಾಸ್ತರರು ಅದನ್ನು ಹೋಗಿ ನೋಡಿಬಂದು, ಕನ್ನಡದಲ್ಲಿ ತಾವೇ ಕಾರ್ಡುಗಳನ್ನು ಬರೆದು, ೧೯೯೫ರಲ್ಲಿ ನಲಿಕಲಿ ಎಂದು ಹೆಸರಿಟ್ಟು ಆರಂಭಿಸಿದರು. ಮಕ್ಕಳ ಕೈಗೆಟಕುವ ಎತ್ತರಕ್ಕೆ ಗೋಡೆಯುದ್ದಕ್ಕೂ ಕರಿಹಲಗೆ, ಚಾವಣಿಗೆ ಕಟ್ಟಿದ ಚಪ್ಪರದಿಂದ ತೂಗುವ ಮಕ್ಕಳದೇ ಚಿತ್ರಗಳು, ನೆಲದ ಮೇಲೆ ಗುಂಪುಗುಂಪಾಗಿ ಕುಳಿತ ಹುಡುಗ ಹುಡುಗಿಯರು. ೨೦೦೯ರ ಸುಮಾರಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವ್ಯಾಪಿಸಿತು. ಮುಂದೆ ೨೦೧೯ರಲ್ಲಿ ಕರ್ನಾಟಕ ಸರಕಾರ ಪಾಲಕರ ಬೇಡಿಕೆಯಿದೆಯೆಂದು ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವರ್ಗಗಳನ್ನು ತೆರೆಯಿತು. ರಜೆಗೆ ಊರಿಗೆ ಹೋದಾಗ ನಮ್ಮ ಓದುಗರು ತಮ್ಮೂರ ಶಾಲೆಯ ಒಂದನೆಯ ತರಗತಿಯ ಬಾಗಿಲಲ್ಲಿ ಅರ್ಧ ಗಳಿಗೆ ನಿಂತು ನೋಡಬೇಕು. ಇಲ್ಲಿ ಸಾಲ ಮಾಡಿ ಫೀ ತೆರುವ ಎಷ್ಟೋ ಸಾಮಾನುಗಳು ಅಲ್ಲಿ ಕನ್ನಡದಲ್ಲಿ, ಪುಕ್ಕಟೆಯಾಗಿ, ಗೋಡೆಗೆ ತೂಗಿರುವುದು ಕಂಡೀತು.